ಪೋಲಿಯೊ ಅಲ್ಲ ಎಂದ ಮೇಲೆ: ಮಕ್ಕಳಲ್ಲಿ ಎಂಟರೋವೈರಸ್‌ಗಳ ವೈವಿಧ್ಯ ಮತ್ತು ಸಂಚಾರ



ಮಕ್ಕಳ ಆರೋಗ್ಯಕ್ಕೆ ಸಂಬಂಧಪಟ್ಟ ಯಾವ ವಿಷಯವಾದರೂ ಆಗಬಹುದು ಎಂದು ಸಂಘಟಕರು ಹೇಳಿದಾಗ, ನಾನು ಮಲದ ವಿಷಯ ಮಾತಾಡುತ್ತೇನೆ, ಊಟಕ್ಕೆ ಮುಂಚಿನ ಗೋಷ್ಠಿಗೆ ಅದು ಬೇಡವೆನ್ನಿಸಿದರೆ ಈಗಲೇ ಹೇಳಿಬಿಡಿ ಎಂದಿದ್ದೆ. ಯಾರೂ ಬೇಡ ಅನ್ನಲಿಲ್ಲ. ಆ ಧೈರ್ಯದಿಂದ ಶುರುಮಾಡುತ್ತೇನೆ.

ನಮ್ಮ ದೇಶದಲ್ಲಿ ಹದಿನೈದು ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಜೋತುಬಿದ್ದರೆ, ಅದು ಯಾವ ಹಳ್ಳಿಯಲ್ಲೇ ಆಗಲಿ, ಆರೋಗ್ಯ ಇಲಾಖೆಗೆ ತಿಳಿಯಬೇಕೆಂಬ ನಿಯಮವಿದೆ. ಹದಿನಾಲ್ಕು ದಿನಗಳೊಳಗೆ, ಇಪ್ಪತ್ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಪೋಲಿಯೊ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಆ ಕೆಲಸ ಮಾಡುವುದು ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ. ಅಲ್ಲಿ ಮಾದರಿಯನ್ನು ಎರಡು ಬಗೆಯ ಕೋಶಗಳ ಮೇಲೆ ಹಾಕುತ್ತಾರೆ. ಒಂದರ ಹೆಸರು ಎಲ್20ಬಿ. ಅದು ಇಲಿಯ ಕೋಶ, ಆದರೆ ಪೋಲಿಯೊ ವೈರಸ್ ಹಿಡಿದುಕೊಳ್ಳುವ ಮನುಷ್ಯ ಗ್ರಾಹಕವನ್ನು ಅದರ ಮೈಮೇಲೆ ಮೂಡಿಸಿರುತ್ತಾರೆ. ಇನ್ನೊಂದು ಆರ್‌ಡಿ, ಮನುಷ್ಯನ ಸ್ನಾಯುಗಡ್ಡೆಯಿಂದ ಬಂದದ್ದು, ಎಂಟರೋವೈರಸ್‌ಗಳಲ್ಲಿ ಬಹಳಷ್ಟಕ್ಕೆ ಮನೆ ಕೊಡುವಂಥದ್ದು. ಎಲ್20ಬಿ ಕೋಶಗಳು ಸತ್ತರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆರ್‌ಡಿ ಮಾತ್ರ ಸತ್ತು ಎಲ್20ಬಿ ಚೆನ್ನಾಗಿಯೇ ಇದ್ದರೆ, ‘ಪೋಲಿಯೇತರ ಎಂಟರೋವೈರಸ್’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ.

ಪೋಲಿಯೊ ನಿರ್ಮೂಲನೆಗೆ ಅಷ್ಟೇ ಸಾಕಿತ್ತು. ಆ ಪ್ರಯೋಗಾಲಯಗಳನ್ನು ಕಟ್ಟಿದ್ದೇ ಅದಕ್ಕಾಗಿ. ಹೌರಾದಲ್ಲಿ 2011ರ ಜನವರಿ 13ರಂದು ಕಾಣಿಸಿಕೊಂಡ ಪ್ರಕರಣವೇ ದೇಶದ ಕೊನೆಯ ಕಾಡು ಪೋಲಿಯೊ ಎಂದು ನಾವು ಇಂದು ಎದೆತಟ್ಟಿ ಹೇಳುತ್ತಿರುವುದು ಆ ಷರಾಗಳ ರಾಶಿಯ ಮೇಲೆ ನಿಂತು. ಆದರೆ ಆ ರಾಶಿಯೊಳಗೆ ಏನಿದೆ ಎಂದು ಕೇಳಿದವರು ಕಡಿಮೆ. ಕೇಳಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಅವರ ಸಂಗಡಿಗರು ಮುಖ್ಯರು. ಪೋಲಿಯೊ ಮುಗಿದಿದ್ದ ಎರಡು ರಾಜ್ಯಗಳು ಮತ್ತು ಆಗಿನ್ನೂ ಪೋಲಿಯೊ ಇದ್ದ ಒಂದು ರಾಜ್ಯದಿಂದ 2007 ಮತ್ತು 2009ರ ನಡುವೆ ಬಂದ, ಪೋಲಿಯೊ ಅಲ್ಲವೆಂದು ತೀರ್ಮಾನವಾದ 2,786 ಮಕ್ಕಳ ಮಾದರಿಗಳನ್ನು ಅವರು ತೆಗೆದುಕೊಂಡರು. 823ರಲ್ಲಿ, ಅಂದರೆ ನೂರಕ್ಕೆ ಸುಮಾರು ಮೂವತ್ತರಲ್ಲಿ, ಬೇರೆ ಎಂಟರೋವೈರಸ್ ಇತ್ತು. ಅವುಗಳಲ್ಲಿ 581 ವೈರಸ್‌ಗಳ ವಿಧ ಗುರುತಿಸಿದಾಗ 66 ವಿಧಗಳು ಸಿಕ್ಕವು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಎಂಟರೋವೈರಸ್ 71. ಆದರೂ ಅದರ ಪಾಲು ನೂರಕ್ಕೆ ಎಂಟೂವರೆ ದಾಟಲಿಲ್ಲ. ಒಂದೊಂದು ವಿಧದೊಳಗೂ ಬಹುಪಾಲು ತಳಿಗಳು ಅದುವರೆಗೆ ಜಗತ್ತಿನ ಯಾವ ಪಟ್ಟಿಯಲ್ಲೂ ಇರದ ಹೊಸ ಗುಂಪು, ಉಪಗುಂಪುಗಳಿಗೆ ಸೇರಿದ್ದವು. ಈ ಪ್ರಬಂಧ ಪ್ರಕಟವಾದದ್ದು 2012ರಲ್ಲಿ. ನನ್ನ ಅಭಿಪ್ರಾಯದಲ್ಲಿ, ಈ ಕ್ಷೇತ್ರದಲ್ಲಿ ನಮ್ಮ ನೆಲದಿಂದ ಬಂದ ಅತ್ಯಂತ ಮುಖ್ಯವಾದ, ಅಷ್ಟೇ ಕಡಿಮೆ ಚರ್ಚೆಯಾದ ಕೆಲಸ ಇದು.

ಒಂದು ಎಚ್ಚರಿಕೆಯ ಮಾತು. ಮಲದಲ್ಲಿ ವೈರಸ್ ಸಿಕ್ಕಿತೆಂದರೆ ಕಾಲು ಬಿದ್ದದ್ದಕ್ಕೆ ಅದೇ ಕಾರಣ ಎಂದೇನಲ್ಲ. ಆಡಿಕೊಂಡಿರುವ, ಗುಂಡುಕಲ್ಲಿನಂಥ ಮಕ್ಕಳ ಕರುಳಿನಲ್ಲೂ ಇವು ಸಿಗುತ್ತವೆ. ಎಂಟರೋವೈರಸ್ ಸೋಂಕುಗಳಲ್ಲಿ ಬಹುಪಾಲು ತಾಯಂದಿರ ಗಮನಕ್ಕೂ ಬಾರದೆ ಹೋಗುತ್ತವೆ. ಒಂದನೇ ವಿಧದ ಪೋಲಿಯೊ ವೈರಸ್ ಕೂಡ ಸೋಂಕಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಬ್ಬರ ಕಾಲನ್ನಷ್ಟೇ ಕಸಿಯುತ್ತಿತ್ತು. ಉಳಿದವರು ಏನೂ ಆಗದೆ ಅದನ್ನು ಊರೆಲ್ಲ ಹಂಚುತ್ತಿದ್ದರು. ಹಾಗಾಗಿ 66 ವಿಧಗಳು ಎಂಬ ಲೆಕ್ಕವನ್ನು ರೋಗಗಳ ಪಟ್ಟಿ ಎಂದು ಓದಬಾರದು. ನಮ್ಮ ಮಕ್ಕಳ ಕರುಳಿನಲ್ಲಿ ಓಡಾಡಿಕೊಂಡಿರುವವರ ಗಣತಿ ಅದು. ಗಣತಿಯಿಲ್ಲದೆ ಅವರಲ್ಲಿ ಯಾರು ಯಾವಾಗ ಕೆರಳುತ್ತಾರೆಂದು ಹೇಳಲಾಗದು.

ಈಗ ಆ ಓಡಾಡುವವರ ಬಗ್ಗೆ. ಎಂಟರೋವೈರಸ್‌ನ ಆಸ್ತಿ ಬಹಳ ಕಡಿಮೆ. ಸುಮಾರು 30 ನ್ಯಾನೋಮೀಟರ್ ವ್ಯಾಸದ ಪ್ರೋಟೀನ್ ಕವಚ, ಒಳಗೆ ಸುಮಾರು 7,500 ಅಕ್ಷರಗಳ ಒಂದೇ ಎಳೆ ಆರ್‌ಎನ್‌ಎ. ಕವಚದ ಮೇಲೆ ಕೊಬ್ಬಿನ ಹೊದಿಕೆ ಇಲ್ಲ. ಹೊದಿಕೆ ಇರುವ ವೈರಸ್‌ಗಳು ಸೋಪು, ಆಲ್ಕೋಹಾಲ್ ತಾಗಿದೊಡನೆ ಹರಿದುಹೋಗುತ್ತವೆ. ಇದಕ್ಕೆ ಹರಿದುಹೋಗಲು ಏನೂ ಇಲ್ಲದ್ದರಿಂದ ಜಠರದ ಆಮ್ಲಕ್ಕೂ ಜಗ್ಗುವುದಿಲ್ಲ, ಕೊರೋನಾ ಕಾಲದಲ್ಲಿ ನಾವು ಲೀಟರುಗಟ್ಟಲೆ ಕೊಂಡ ಸ್ಯಾನಿಟೈಸರಿಗೂ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ತಿಕ್ಕಿ, ನೀರಿನಲ್ಲಿ ಕೊಚ್ಚಿ ಕಳಿಸಬೇಕು, ಅಷ್ಟೆ. ಗಂಟಲಿನಲ್ಲಿ ಒಂದೆರಡು ವಾರ, ಮಲದಲ್ಲಿ ಹಲವು ವಾರ ಉಳಿಯುತ್ತದೆ. ಮಗು ಹುಷಾರಾಗಿ ಅಂಗನವಾಡಿಗೆ ಮರಳಿದ ಮೇಲೂ ಡಯಾಪರಿನಲ್ಲಿ ವೈರಸ್ ಇರುತ್ತದೆ.

ಇವುಗಳ ಹೆಸರಿನ ಕಥೆಯನ್ನು ಬೇಗ ಮುಗಿಸುತ್ತೇನೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದಂಡೆಯ ಕಾಕ್ಸಾಕಿ ಎಂಬ ಪುಟ್ಟ ಊರಿನಲ್ಲಿ ಪೋಲಿಯೊದಂತೆ ಕಾಣುವ ಪಾರ್ಶ್ವವಾಯು ಬಂದಿದ್ದ ಮಕ್ಕಳ ಮಲವನ್ನು ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ, 1948ರಲ್ಲಿ ಹೊಸ ವೈರಸ್ ಕಂಡರು. ಊರಿನ ಹೆಸರೇ ಅದಕ್ಕಾಯಿತು. ಅನಂತರ ಕೋಶಗಳಲ್ಲಿ ವೈರಸ್ ಬೆಳೆಸುವ ವಿದ್ಯೆ ಬಂದಾಗ ಹಲವು ವೈರಸ್‌ಗಳು ಸಿಕ್ಕವು, ಆದರೆ ಅವು ತರುವ ರೋಗ ಯಾವುದೆಂದು ತಿಳಿಯಲಿಲ್ಲ. ರೋಗವಿಲ್ಲದ ಆ ಅನಾಥರಿಗೆ ಎಕೋ ಎಂದು ಹೆಸರಿಟ್ಟರು. ಮೆನಿಂಜೈಟಿಸ್‌ಗೆ ಅವುಗಳಲ್ಲಿ ಕೆಲವು ಕಾರಣವೆಂದು ಆಮೇಲೆ ಗೊತ್ತಾಯಿತು. ಹೊಸದಾಗಿ ಸಿಕ್ಕವಕ್ಕೆ ಎಂಟರೋವೈರಸ್ 68, 69, 70, 71 ಎಂದು ಬರಿಯ ಅಂಕಿ. ಈ ಎಪ್ಪತ್ತನೆಯದು 1969ರಲ್ಲಿ ಘಾನಾ ದೇಶದಲ್ಲಿ ಕೆಂಗಣ್ಣಿನ ಹಾವಳಿ ಎಬ್ಬಿಸಿತು. ಅದೇ ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ಇಳಿದದ್ದರಿಂದ ಅಲ್ಲಿನವರು ಅದನ್ನು ಅಪೊಲೊ ರೋಗ ಎಂದೇ ಕರೆದರು. ನಮ್ಮ ‘ಮದ್ರಾಸ್ ಐ’ ಕೆಲವು ವರ್ಷ ಅಡಿನೋವೈರಸ್‌ನದಾದರೆ ಕೆಲವು ವರ್ಷ ಇದೇ ಬಳಗದ ಕಾಕ್ಸಾಕಿ ಎ24ರದು. ಹೀಗೆ ಮನುಷ್ಯರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಪ್ರಭೇದಗಳಲ್ಲಿ ಇಂದು ನೂರಕ್ಕೂ ಹೆಚ್ಚು ವಿಧಗಳಿವೆ. ಪೋಲಿಯೊದ ಮೂರೂ ವಿಧಗಳು ಸಿ ಪ್ರಭೇದದವು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಷ್ಟು ವೈವಿಧ್ಯ ಹೇಗೆ ಹುಟ್ಟುತ್ತದೆ? ಮೊದಲ ದಾರಿ ತಪ್ಪು. ಈ ವೈರಸ್ ತನ್ನ ಆರ್‌ಎನ್‌ಎ ನಕಲು ತೆಗೆಯಲು ಬಳಸುವ ಕಿಣ್ವಕ್ಕೆ ಬರೆದದ್ದನ್ನು ತಿದ್ದುವ ಅಭ್ಯಾಸವಿಲ್ಲ. ಹತ್ತು ಸಾವಿರ ಅಕ್ಷರಕ್ಕೆ ಒಂದರಂತೆ ತಪ್ಪುತ್ತದೆ ಎಂದುಕೊಂಡರೆ, ಒಟ್ಟು 7,500 ಅಕ್ಷರಗಳ ಪ್ರತಿ ನಕಲಿನಲ್ಲೂ ಹೆಚ್ಚುಕಡಿಮೆ ಒಂದು ತಪ್ಪು. ಒಂದೇ ಕೋಶದಿಂದ ಸಾವಿರಾರು ನಕಲು ಹೊರಬರುತ್ತವೆ. ಅವುಗಳಲ್ಲಿ ಬಹಳಷ್ಟು ಅಲ್ಲೇ ಸಾಯುತ್ತವೆ, ಉಳಿದವು ಮುಂದಿನ ಮಗುವಿಗೆ ಹೋಗುತ್ತವೆ. ಹೊರಕವಚದ ವಿಪಿ1 ಎಂಬ ಪ್ರೋಟೀನಿನ ಭಾಗದಲ್ಲಿ ಈ ಬದಲಾವಣೆ ವರ್ಷಕ್ಕೆ ನೂರಕ್ಕೆ ಒಂದರಂತೆ ಸೇರುತ್ತಾ ಹೋಗುವುದು ಪೋಲಿಯೊ ಸಂಶೋಧಕರಿಗೆ ದೊರೆತ ದೊಡ್ಡ ವರ. ಆ ಭಾಗದಲ್ಲಿ ಸುಮಾರು 900 ಅಕ್ಷರಗಳಿವೆ. ಎರಡು ಊರುಗಳ ವೈರಸ್‌ಗಳ ನಡುವೆ ಒಂಬತ್ತು ಹತ್ತು ಅಕ್ಷರಗಳ ವ್ಯತ್ಯಾಸವಿದ್ದರೆ ಅವು ಬೇರಾಗಿ ಎಷ್ಟು ಕಾಲವಾಯಿತೆಂದು ಅಂದಾಜು ಮಾಡಬಹುದು. ಹತ್ತಿರದ ಬಂಧುವೇ ಇಲ್ಲದ ಒಂದು ವೈರಸ್ ದಿಢೀರನೆ ಸಿಕ್ಕರೆ, ಅದು ವರ್ಷಗಟ್ಟಲೆ ಎಲ್ಲೋ ಮಕ್ಕಳ ನಡುವೆ ಇದ್ದೂ ನಮ್ಮ ಕಣ್ಣು ತಪ್ಪಿಸಿದೆ ಎಂದರ್ಥ. ವೈರಸ್‌ನ ವಯಸ್ಸನ್ನೂ ನಮ್ಮ ಕಣ್ಗಾವಲಿನ ತೂತನ್ನೂ ಒಟ್ಟಿಗೇ ತೋರಿಸುವ ಅಳತೆಗೋಲು ಇದು. ವಿಧಗಳನ್ನು ವಿಂಗಡಿಸುವುದೂ ಇದೇ ವಿಪಿ1ರಿಂದ. ನೂರರಲ್ಲಿ 75 ಅಕ್ಷರಕ್ಕಿಂತ ಹೆಚ್ಚು ಹೊಂದಿದರೆ ಒಂದೇ ವಿಧ, ಕಡಿಮೆಯಾದರೆ ಬೇರೆ ಎಂಬುದು 1990ರ ದಶಕದ ಕೊನೆಯಿಂದ ಬಂದ ರೂಢಿ.

ಎರಡನೆಯ ದಾರಿ ನನಗೆ ಹೆಚ್ಚು ಕುತೂಹಲದ್ದು, ಹೆಚ್ಚು ಭಯದ್ದೂ ಹೌದು. ಒಂದೇ ಮಗುವಿನ ಒಂದೇ ಕೋಶಕ್ಕೆ ಒಂದೇ ಪ್ರಭೇದದ ಎರಡು ವೈರಸ್‌ಗಳು ಹೊಕ್ಕರೆ, ನಕಲು ತೆಗೆಯುವ ಕಿಣ್ವ ಒಂದರ ಎಳೆಯ ಮೇಲೆ ಶುರುಮಾಡಿ ನಡುವೆ ಇನ್ನೊಂದರ ಎಳೆಗೆ ಹಾರಿಬಿಡಬಲ್ಲದು. ಹುಟ್ಟುವ ವೈರಸ್‌ನ ಕವಚ ಒಂದರದು, ಒಳಗಿನ ಯಂತ್ರಗಳು ಇನ್ನೊಂದರವು. ಯಕ್ಷಗಾನದ ರಂಗದಲ್ಲಿ ಕಿರೀಟ, ಬಣ್ಣ ಎಲ್ಲ ನಿನ್ನೆಯ ಪಾತ್ರದ್ದೇ, ಒಳಗಿನ ಕಲಾವಿದ ಮಾತ್ರ ಬೇರೆ ಎನ್ನುವ ಹಾಗೆ. ನಮ್ಮ ಪ್ರತಿಕಾಯಗಳು ನೋಡುವುದು ವೇಷವನ್ನು. ನಮ್ಮ ವಿಪಿ1 ಪರೀಕ್ಷೆಯೂ ವೇಷವನ್ನೇ ನೋಡುತ್ತದೆ. ಪೂರ್ತಿ ಜೀನೋಮ್ ಓದಿದಾಗ ಮಾತ್ರ ಒಳಗಿನವನು ಯಾರೆಂದು ಗೊತ್ತಾಗುತ್ತದೆ.

ಇದು ಬರಿಯ ಸಿದ್ಧಾಂತವಲ್ಲ. ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಹಂಚಿಕೊಂಡಿರುವ ಹಿಸ್ಪಾನಿಯೋಲಾ ದ್ವೀಪದಲ್ಲಿ 2000ದಲ್ಲಿ ಮಕ್ಕಳ ಕಾಲುಗಳು ಬಿದ್ದವು. ಅಮೆರಿಕ ಖಂಡಗಳು ಪೋಲಿಯೊಮುಕ್ತವಾಗಿ ಹಲವು ವರ್ಷಗಳಾಗಿದ್ದವು. ವೈರಸ್ ಪರೀಕ್ಷಿಸಿದರೆ ಕವಚ ಲಸಿಕೆಯ ಸೇಬಿನ್ ತಳಿಯದು, ಒಳಗಿನ ಭಾಗ ಯಾವುದೋ ಬೇರೆ ಸಿ ಪ್ರಭೇದದ ಎಂಟರೋವೈರಸ್‌ನದು. ಲಸಿಕೆ ಹಾಕಿಸಿಕೊಳ್ಳದ ಮಕ್ಕಳ ನಡುವೆ ಸುಮಾರು ಎರಡು ವರ್ಷ ಓಡಾಡಿ, ಪಳಗಿಸಿದ್ದ ಗುಣ ಕಳೆದುಕೊಂಡು, ನಡುವೆ ಬೇರೊಬ್ಬನಿಂದ ಎರವಲು ಪಡೆದು ಅದು ಮತ್ತೆ ಕಾಡು ಪೋಲಿಯೊದಂತಾಗಿತ್ತು. ಅಲ್ಲಿಂದ ಒಂದೆರಡು ವರ್ಷದಲ್ಲೇ ಮಡಗಾಸ್ಕರ್‌ನ ದಕ್ಷಿಣದಲ್ಲಿ ಎರಡನೇ ವಿಧದ ಪೋಲಿಯೊ ಇದೇ ರೀತಿ ತಲೆ ಎತ್ತಿತು. ಸಂಶೋಧಕರು ಆ ಜಿಲ್ಲೆಯ ಆರೋಗ್ಯವಂತ ಮಕ್ಕಳ ಮಲ ಪರೀಕ್ಷಿಸಿದಾಗ ಸಿ ಪ್ರಭೇದದ ಕಾಕ್ಸಾಕಿ ವೈರಸ್‌ಗಳು ಹೇರಳವಾಗಿ ಸಿಕ್ಕವು. ಅವುಗಳಲ್ಲಿ ಕೆಲವು ಆ ಪೋಲಿಯೊ ವೈರಸ್‌ಗೆ ಬಿಡಿಭಾಗ ಕೊಟ್ಟವುಗಳ ಹತ್ತಿರದ ಬಂಧುಗಳು. ಪೋಲಿಯೊ ಅಲ್ಲವೆಂದು ಷರಾ ಬರೆದು ಪಕ್ಕಕ್ಕಿಟ್ಟದ್ದೇ ಪೋಲಿಯೊವನ್ನು ಮರುಹುಟ್ಟಿಸಲು ನೆರವಾದ ನಿದರ್ಶನ ಇದಕ್ಕಿಂತ ಬೇಕೇ? ಕಾಡು ಎರಡನೇ ವಿಧ ಕೊನೆಯ ಬಾರಿ ಕಂಡದ್ದು 1999ರಲ್ಲಿ, ನಮ್ಮ ಅಲಿಗಢದಲ್ಲಿ. ಅದರ ಲಸಿಕೆ ತಳಿಯನ್ನು 2016ರ ಏಪ್ರಿಲ್‌ನಲ್ಲಿ ಹನಿಗಳಿಂದ ಜಗತ್ತೆಲ್ಲ ಒಟ್ಟಿಗೇ ತೆಗೆದುಹಾಕಿತು. ಆದರೂ ಲಸಿಕೆಮೂಲದ ಎರಡನೇ ವಿಧ ಆಫ್ರಿಕದ ಹಲವು ದೇಶಗಳಲ್ಲಿ ಓಡಾಡುತ್ತಲೇ ಇದೆ, 2022ರಲ್ಲಿ ಲಂಡನ್ನಿನ ಒಳಚರಂಡಿಯಲ್ಲಿ ಸಿಕ್ಕಿತು, 2024ರಲ್ಲಿ ಗಾಜಾದ ಮಗುವಿನ ಕಾಲನ್ನು ಕಸಿಯಿತು.

ಹಾಗೆಂದು ಹನಿ ಹಾಕಿಸಬೇಡಿ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ವಾಟ್ಸಾಪ್‌ನಲ್ಲಿ ಹಾಕಬಾರದು. ಹಿಸ್ಪಾನಿಯೋಲಾದಲ್ಲೂ ಮಡಗಾಸ್ಕರ್‌ನಲ್ಲೂ ವೈರಸ್ ಹರಡಿದ್ದು ಹನಿ ಸಿಗದ ಮಕ್ಕಳ ನಡುವೆ.

ಲಸಿಕೆಗೂ ಈ ಬಳಗಕ್ಕೂ ಇನ್ನೊಂದು ನಂಟಿದೆ. ಯುರೋಪು ಅಮೆರಿಕದ ಮಕ್ಕಳಿಗೆ ಸಾಕಾಗುವ ಮೂರು ಡೋಸ್ ಹನಿ ನಮ್ಮ ಮಕ್ಕಳಿಗೆ ಸಾಲದು ಎಂದು ವೆಲ್ಲೂರಿನ ಟಿ. ಜೇಕಬ್ ಜಾನ್ ದಶಕಗಳ ಹಿಂದೆಯೇ ತೋರಿಸಿದ್ದರು. ಆಗ ಅದನ್ನು ಒಪ್ಪಲು ಹಲವರು ತಯಾರಿರಲಿಲ್ಲ. ಆಮೇಲೆ 2006ರಲ್ಲಿ ಪ್ರಕಟವಾದ ಲೆಕ್ಕ ನೋಡಿ: ಒಂದನೇ ವಿಧದ ಪೋಲಿಯೊ ವಿರುದ್ಧ ಒಂದು ಡೋಸ್ ಹನಿಯ ಪರಿಣಾಮ ಉತ್ತರ ಪ್ರದೇಶದಲ್ಲಿ ನೂರಕ್ಕೆ 9, ಉಳಿದ ಭಾರತದಲ್ಲಿ ನೂರಕ್ಕೆ 21. ಕಾರಣಗಳು ಹಲವಿದ್ದರೂ ಒಂದು ಇದು: ಹನಿ ಬಾಯಿಗೆ ಬೀಳುವ ಹೊತ್ತಿಗೆ ಮಗುವಿನ ಕರುಳಿನಲ್ಲಿ ಬೇರೆ ಎಂಟರೋವೈರಸ್ ಈಗಾಗಲೇ ಬೀಡುಬಿಟ್ಟಿದ್ದರೆ ಲಸಿಕೆಯ ವೈರಸ್‌ಗೆ ಜಾಗ ಸಿಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಿದರೆ ಲಸಿಕೆ ಚೆನ್ನಾಗಿ ಹತ್ತೀತೇ ಎಂದು ವೆಲ್ಲೂರಿನಲ್ಲಿ ಮಕ್ಕಳಿಗೆ ಅಜಿತ್ರೋಮೈಸಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಬ್ಯಾಕ್ಟೀರಿಯಾ ತಗ್ಗಿದವು, ಲಸಿಕೆಯ ಫಲ ಹೆಚ್ಚಲಿಲ್ಲ. ವೈರಸ್‌ಗಳ ಮೇಲೆ ಆ ಔಷಧಿಗೇನೂ ಹಿಡಿತವಿಲ್ಲವಷ್ಟೆ. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಕಿರುಬೆರಳಿಗೆ ಮತ್ತೆ ಮತ್ತೆ ಶಾಯಿ ಹಚ್ಚಬೇಕಾಗಿ ಬಂದದ್ದರ ಹಿಂದೆ ಈ ಅನಾಮಿಕರ ಪಾಲೂ ಇದೆ.

ಇನ್ನು ಸಂಚಾರ. ಇವು ಮಕ್ಕಳಲ್ಲೇ ಏಕೆ? ತಾಯಿಯಿಂದ ಬಂದ ಪ್ರತಿಕಾಯ ಮೊದಲ ಕೆಲವು ತಿಂಗಳು ಕಾಯುತ್ತದೆ. ಅದು ಇಳಿಯುವ ಹೊತ್ತಿಗೆ ಮಗು ಅಂಬೆಗಾಲಿಟ್ಟು ನೆಲದ ಮೇಲಿನದ್ದನ್ನೆಲ್ಲ ಬಾಯಿಗೆ ಹಾಕತೊಡಗುತ್ತದೆ. ಒಂದು ವಿಧದ ಸೋಂಕು ಆ ವಿಧದ ವಿರುದ್ಧ ಮಾತ್ರ ಬಲ ಕೊಡುತ್ತದೆ, ಉಳಿದ ನೂರಕ್ಕೆ ಬಾಗಿಲು ತೆರೆದೇ ಇರುತ್ತದೆ. ಜಪಾನಿನಲ್ಲಿ ವರ್ಷಗಟ್ಟಲೆ ಜೋಪಾನವಾಗಿ ಇಟ್ಟ ದಾಖಲೆಗಳಿಂದ 20 ವಿಧಗಳ ಏರಿಳಿತವನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2018ರಲ್ಲಿ ಬಂತು. ಒಂದೊಂದು ವಿಧಕ್ಕೂ ಪ್ರತ್ಯೇಕ ನಿರೋಧಶಕ್ತಿ, ಜೊತೆಗೆ ಪ್ರತಿವರ್ಷ ಹುಟ್ಟುವ ಹೊಸ ಮಕ್ಕಳು, ಈ ಎರಡನ್ನಷ್ಟೇ ಹಿಡಿದು ಬಹುಪಾಲು ವಿಧಗಳು ಯಾವಾಗ ಏಳುತ್ತವೆ, ಯಾವಾಗ ಬೀಳುತ್ತವೆ ಎಂಬುದನ್ನು ಅವರು ವಿವರಿಸಿದರು. ಅಂಥ ಲೆಕ್ಕ ನಮ್ಮಲ್ಲಿ ಸಾಧ್ಯವಾಗದಿರುವುದಕ್ಕೆ ಗಣಿತ ಬಾರದಿರುವುದು ಕಾರಣವಲ್ಲ. ವಿಧ ನಮೂದಿಸಿದ ದಾಖಲೆ ಇಲ್ಲ.

ಪೂರ್ವ ಮತ್ತು ಆಗ್ನೇಯ ಏಷ್ಯ ಇಂಥ ದಾಖಲೆಯ ಬೆಲೆಯನ್ನು ನೋವಿನಿಂದ ಕಲಿತವು. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಮೊದಲು ಸಿಕ್ಕ ಎಂಟರೋವೈರಸ್ 71, ಮಲೇಷ್ಯದ ಸರವಾಕ್‌ನಲ್ಲಿ 1997ರಲ್ಲಿ ಮಕ್ಕಳನ್ನು ಕೊಂದಿತು. ಮರುವರ್ಷ ತೈವಾನಿನಲ್ಲಿ ಕೈ, ಕಾಲು, ಬಾಯಿಯಲ್ಲಿ ಬೊಬ್ಬೆ ಬಂದ ಸುಮಾರು 1,29,000 ಪ್ರಕರಣ ವರದಿಯಾಗಿ 78 ಮಕ್ಕಳು ಸತ್ತರು. ಸಾವು ಬೊಬ್ಬೆಯಿಂದಲ್ಲ. ವೈರಸ್ ಮಿದುಳಿನ ಕಾಂಡಕ್ಕೆ ಇಳಿದು, ಶ್ವಾಸಕೋಶದಲ್ಲಿ ನೀರು ತುಂಬಿ, ನಿನ್ನೆ ಆಡುತ್ತಿದ್ದ ಮಗು ಇಂದು ಇಲ್ಲವಾಗುತ್ತಿತ್ತು. ಚೀನಾದಲ್ಲಿ 2008 ಮತ್ತು 2012ರ ನಡುವೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಕರಣ, ಎರಡು ಸಾವಿರಕ್ಕೂ ಹೆಚ್ಚು ಸಾವು. ಅಲ್ಲಿ 2015ರ ಕೊನೆಯಿಂದ ಎಂಟರೋವೈರಸ್ 71ಕ್ಕೆ ನಿಷ್ಕ್ರಿಯ ಲಸಿಕೆಗಳು ಒಂದೊಂದಾಗಿ ಪರವಾನಗಿ ಪಡೆದವು. ತೀವ್ರ ಕಾಯಿಲೆ, ಸಾವು ಇಳಿದವು. ಬೊಬ್ಬೆ ರೋಗ ಮಾತ್ರ ಹೋಗಲಿಲ್ಲ. ಕಾಕ್ಸಾಕಿ ಎ6, ಎ10, ಎ16 ಆ ಜಾಗದಲ್ಲಿ ಕೂತವು. ಈ ಎ6 ಬಹುಕಾಲ ಯಾರ ಲೆಕ್ಕಕ್ಕೂ ಇರದಿದ್ದ ವೈರಸ್. ಫಿನ್ಲೆಂಡಿನಲ್ಲಿ 2008ರಲ್ಲಿ ಮಕ್ಕಳಿಗೆ ಬೊಬ್ಬೆ ವಾಸಿಯಾಗಿ ಕೆಲವು ವಾರಗಳ ಮೇಲೆ ಉಗುರುಗಳು ಕಳಚಿ ಬಿದ್ದಾಗ ಜಗತ್ತು ಇದರತ್ತ ತಿರುಗಿತು. ಇಂದು ಬೆಂಗಳೂರಿನ ಚರ್ಮವೈದ್ಯರನ್ನು ಕೇಳಿ, ಉಗುರು ಕಳಚಿದ ಮಗುವನ್ನು ಎತ್ತಿಕೊಂಡು ಗಾಬರಿಯಿಂದ ಬಂದ ತಾಯಂದಿರ ಕಥೆ ಅವರಲ್ಲಿ ಇದ್ದೇ ಇರುತ್ತದೆ. ಉಗುರು ಮತ್ತೆ ಬರುತ್ತದೆ, ಹೆದರಬೇಕಿಲ್ಲ. ದನಗಳ ಕಾಲುಬಾಯಿ ರೋಗವೇ ಮಗುವಿಗೂ ಬಂತೆಂದು ಹೆದರುವವರೂ ಇದ್ದಾರೆ. ಎರಡೂ ಪಿಕೋರ್ನ ಎಂಬ ಒಂದೇ ಕುಟುಂಬದವು ನಿಜ, ವೈರಸ್ ಮಾತ್ರ ಬೇರೆ. ಹಟ್ಟಿಯಿಂದ ಮಗುವಿಗೆ ಇದು ಬರುವುದಿಲ್ಲ.

ನಮ್ಮ ಪಕ್ಕದ ಕೇರಳದ ಕೋಝಿಕ್ಕೋಡ್‌ನಲ್ಲಿ 2003ರಲ್ಲೇ ಈ ಬೊಬ್ಬೆ ರೋಗ ದಾಖಲಾಗಿತ್ತು. ಆದರೂ 2022ರ ಮೇ ತಿಂಗಳಲ್ಲಿ ಕೊಲ್ಲಂ ಜಿಲ್ಲೆಯ ಮಕ್ಕಳಲ್ಲಿ ಕೆಂಪು ಬೊಬ್ಬೆಗಳು ಕಂಡಾಗ ‘ಟೊಮ್ಯಾಟೊ ಜ್ವರ’ ಎಂಬ ಹೊಸ ರೋಗವೇ ಹುಟ್ಟಿಕೊಂಡಂತೆ ಸುದ್ದಿಯಾಯಿತು. ಜುಲೈ ಕೊನೆಗೆ ಐದು ವರ್ಷದೊಳಗಿನ 82 ಮಕ್ಕಳೆಂದು ಲೆಕ್ಕ ಬಂತು. ಕರ್ನಾಟಕದ ಗಡಿ ಜಿಲ್ಲೆಗಳಲ್ಲಿ ನಿಗಾ ಬಿಗಿಯಾಯಿತು. ಟೊಮ್ಯಾಟೊ ತಿಂದರೆ ಬರುತ್ತದೆಯೇ ಎಂದು ನನಗೇ ಫೋನ್ ಬಂದಿತ್ತು. ಅದೇ ಕಾಲಕ್ಕೆ ಕೇರಳಕ್ಕೆ ಬಂದು ಬ್ರಿಟನ್ನಿಗೆ ಮರಳಿದ ಇಬ್ಬರು ಮಕ್ಕಳಿಗೆ ಬೊಬ್ಬೆ ಎದ್ದಾಗ ಅಲ್ಲಿನ ವೈದ್ಯರು ಮಾದರಿ ತೆಗೆದು ಅನುಕ್ರಮ ಓದಿದರು. ಸಿಕ್ಕಿದ್ದು ಕಾಕ್ಸಾಕಿ ಎ16, ಹಳೆಯ ಪರಿಚಯಸ್ಥ. ಇಲ್ಲಿ ಚಾನೆಲ್‌ಗಳು ದಿನವಿಡೀ ಚರ್ಚಿಸಿದ ಪ್ರಶ್ನೆಗೆ ಒಂದು ಮಾದರಿಯಲ್ಲಿ ಉತ್ತರವಿತ್ತು.

ಇಲ್ಲಿಗೆ ನನ್ನ ಬೇಡಿಕೆ ನಿಮಗೆ ಗೊತ್ತಾಗಿರಬಹುದು. ಹೊಸ ಕಟ್ಟಡ, ಹೊಸ ಸಂಸ್ಥೆ ಯಾವುದನ್ನೂ ಕೇಳುತ್ತಿಲ್ಲ. ಮಾದರಿ ಬರುತ್ತಲೇ ಇದೆ, ಕೋಶಗಳಲ್ಲಿ ವೈರಸ್ ಬೆಳೆಯುತ್ತಲೇ ಇದೆ. ಆರ್‌ಡಿಯಲ್ಲಿ ಬೆಳೆದು ಎಲ್20ಬಿಯಲ್ಲಿ ಬೆಳೆಯದ ಪ್ರತಿಯೊಂದರ ವಿಪಿ1 ಓದಬೇಕು, ಹತ್ತರಲ್ಲಿ ಒಂದರದ್ದಾದರೂ ಪೂರ್ತಿ ಜೀನೋಮ್ ಓದಬೇಕು. ಕೋವಿಡ್ ಕಾಲದಲ್ಲಿ ಕೊಂಡ ಅನುಕ್ರಮ ಯಂತ್ರಗಳು ರಾಜ್ಯದಲ್ಲಿವೆ. ಪೋಲಿಯೊಗೆಂದು ಮುಂಬೈಯಲ್ಲಿ 2001ರಿಂದಲೇ ಒಳಚರಂಡಿ ನೀರು ಪರೀಕ್ಷಿಸುತ್ತಿದ್ದಾರೆ. ಹೈದರಾಬಾದಿನ ಅಂಬರ್‌ಪೇಟೆಯ ಕೊಳಚೆಯಲ್ಲಿ 2016ರಲ್ಲಿ ಲಸಿಕೆಮೂಲದ ಎರಡನೇ ವಿಧ ಸಿಕ್ಕಿದ್ದು, ಒಂದು ಮಗುವಿನ ಕಾಲೂ ಬೀಳುವ ಮುನ್ನವೇ ನಗರದಲ್ಲಿ ಲಸಿಕೆ ಅಭಿಯಾನ ನಡೆದದ್ದು ಇಂಥ ಪರೀಕ್ಷೆಯಿಂದಲೇ. ಆ ನೀರಿನಲ್ಲಿ ಪೋಲಿಯೊ ಒಂದನ್ನೇ ಹುಡುಕಿ ಉಳಿದದ್ದನ್ನು ಚೆಲ್ಲುವುದು ಖರ್ಚಿನ ದೃಷ್ಟಿಯಿಂದಲೂ ನನಗೆ ಅರ್ಥವಾಗದ ಲೆಕ್ಕ.

ಇದು ಬರಿಯ ಜ್ಞಾನದಾಹವೂ ಅಲ್ಲ. ಚೀನಾದ ಎಂಟರೋವೈರಸ್ 71 ಲಸಿಕೆಗಳನ್ನು ತಯಾರಿಸಿರುವುದು ಸಿ4 ಎಂಬ ಉಪಗುಂಪಿನ ತಳಿಯಿಂದ, ಏಕೆಂದರೆ ಅಲ್ಲಿ ಮಕ್ಕಳನ್ನು ಕೊಂದದ್ದು ಅದು. ನಮ್ಮಲ್ಲಿ ಹಾಗಿಲ್ಲ. ಪಾರ್ಶ್ವವಾಯು ಬಂದ ಭಾರತೀಯ ಮಗುವೊಂದರಲ್ಲಿ 2001ರಲ್ಲಿ ಸಿಕ್ಕ ಎಂಟರೋವೈರಸ್ 71 ಜಗತ್ತಿನ ಯಾವ ಗುಂಪಿಗೂ ಹೊಂದದೆ, ಮುಂಬೈಯ ಎಂಟರೋವೈರಸ್ ಸಂಶೋಧನಾ ಕೇಂದ್ರದವರು ಅದನ್ನು ಹೊಸ ಗುಂಪೆಂದು ವರದಿ ಮಾಡಿದರು. ಈಗ ಅದಕ್ಕೆ ಡಿ ಎಂದು ಹೆಸರು. ಆಮೇಲೆ ಜಿ ಎಂಬ ಇನ್ನೊಂದು ಗುಂಪೂ ಇಲ್ಲಿ ಸಿಕ್ಕಿತು. ನಾಳೆ ಯಾವುದಾದರೂ ಕಂಪನಿ ಈ ಲಸಿಕೆಯನ್ನು ನಮ್ಮ ಮಕ್ಕಳಿಗೆ ತರುತ್ತೇವೆಂದು ಬಂದಾಗ, ನಿಮ್ಮ ಲಸಿಕೆಯ ಪ್ರತಿಕಾಯ ನಮ್ಮ ಡಿ ಗುಂಪನ್ನೂ ಜಿ ಗುಂಪನ್ನೂ ತಡೆಯುತ್ತದೆಯೇ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆ. ಅದನ್ನು ಪರೀಕ್ಷಿಸಿ ನೋಡಲು ಆ ತಳಿಗಳು ಜೀವಂತವಾಗಿ ನಮ್ಮ ಫ್ರೀಜರುಗಳಲ್ಲಿ, ವರ್ಷ, ತಾಲ್ಲೂಕು, ಮಗುವಿನ ವಯಸ್ಸು ಬರೆದ ಚೀಟಿಯೊಂದಿಗೆ ಇರಬೇಕು. ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಹತ್ತು ನಿಮಿಷ ಕೊಟ್ಟಿದ್ದಾರೆ. ಉಗುರಿನ ಬಗ್ಗೆ ಕೇಳುವವರು ಮೊದಲು ಕೈ ಎತ್ತಬಹುದು.